‘ಟೆಕ್ನಾಲಜಿ’ ಎಂಬ ಮಾತು

ಬೆಳಗಿನಿಂದ ರಾತ್ರಿಯವರೆಗೆ ‘ಟೆಕ್ನಾಲಜಿ’ ಎಂಬ ಮಾತು ನಿಮ್ಮ ಕಿವಿಗೆ ಎಷ್ಟು ಸಲ ಬೀಳುತ್ತದೆ ಎಂಬುದನ್ನು ಯಾವುದಾದರೂ ಒಂದು ದಿನ ಎಣಿಸಿ ನೋಡಿ. ಸುದ್ದಿಯಲ್ಲಿ ಅದಿದೆ, ಜಾಹೀರಾತಿನಲ್ಲಿ ಅದಿದೆ, ಮಂತ್ರಿಗಳ ಭಾಷಣದಲ್ಲಿ ಅದಿದೆ, ಶಾಲೆಗೆ ಹೋಗುವ ಮಕ್ಕಳ ಮಾತಿನಲ್ಲಿಯೂ ಅದಿದೆ. ಟೆಕ್ನಾಲಜಿ ಬೆಳೆಯಿತು, ಟೆಕ್ನಾಲಜಿ ಬಂದು ಕೆಲಸ ಹೋಯಿತು, ಟೆಕ್ನಾಲಜಿ ಇದ್ದರೆ ಎಲ್ಲವೂ ಸಲೀಸು, ಟೆಕ್ನಾಲಜಿಯಿಂದ ಮಕ್ಕಳು ಕೆಟ್ಟರು - ಹೀಗೆ. ಕನ್ನಡದಲ್ಲಿ ಹೇಳಬೇಕೆನ್ನುವವರು ‘ತಂತ್ರಜ್ಞಾನ’ ಎನ್ನುತ್ತಾರೆ; ವಾಕ್ಯ ಮಾತ್ರ ಅದೇ. ಇವರೆಲ್ಲರೂ ಹೇಳುತ್ತಿರುವುದು ಒಂದೇ ವಸ್ತುವನ್ನು ಕುರಿತೆ? ಆ ವಸ್ತು ಯಾವುದು ಎಂದು ಕೇಳಿದರೆ ಒಬ್ಬರು ಕೈಯಲ್ಲಿರುವ ಮೊಬೈಲನ್ನು ತೋರಿಸುತ್ತಾರೆ, ಇನ್ನೊಬ್ಬರು ಕಂಪ್ಯೂಟರು ಎನ್ನುತ್ತಾರೆ, ಮೂರನೆಯವರು ‘ಅದೇ, ಎಲ್ಲ ಕಡೆಯೂ ಇದೆಯಲ್ಲ, ಅದು’ ಎಂದು ಕೈ ಬೀಸಿ ಸುಮ್ಮನಾಗುತ್ತಾರೆ.

ಮಾತಿನ ಅರ್ಥ ಬದಲಾಗುವುದು ತಪ್ಪೇನೂ ಅಲ್ಲ. ‘ಎಣ್ಣೆ’ ಎಂಬ ನಮ್ಮ ಮಾತು ಎಳ್ಳು ಮತ್ತು ನೆಯ್ ಎಂಬ ಎರಡು ಸೇರಿ ಆದದ್ದು. ಮೊದಲು ಅದರ ಅರ್ಥ ಎಳ್ಳಿನ ಜಿಡ್ಡು ಎಂದಷ್ಟೆ. ಆಮೇಲೆ ಕೊಬ್ಬರಿ ಎಣ್ಣೆ ಬಂತು, ಹರಳೆಣ್ಣೆ ಬಂತು, ಹಡಗಿನಲ್ಲಿ ಸೀಮೆಎಣ್ಣೆಯೂ ಬಂತು. ಎಳ್ಳಿಲ್ಲದ ಎಣ್ಣೆಯಿಂದ ಯಾರಿಗೂ ನಷ್ಟವಾಗಲಿಲ್ಲ. ಆದರೆ ಟೆಕ್ನಾಲಜಿ ಎಂಬ ಮಾತಿಗೆ ಆದ ಬದಲಾವಣೆ ಅಷ್ಟು ನಿರಪಾಯವಾದುದಲ್ಲ. ಒಂದು ಕಾಲಕ್ಕೆ ಮನುಷ್ಯನ ಅರಿವಿನ ಹೆಸರಾಗಿದ್ದ ಅದು ಬರಬರುತ್ತ ವಸ್ತುಗಳ ಹೆಸರಾಯಿತು. ಕೊನೆಗೆ ತಾನೇ ನಡೆದು ಬರುವ, ಕೊಡುವ, ಕಸಿಯುವ ಒಂದು ಶಕ್ತಿಯ ಹೆಸರಾಗಿ ಕುಳಿತಿದೆ. ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದೇ ಈ ಲೇಖನದ ವಿಷಯ.

ಮೊದಲು ಮಾತಿನ ಬೇರನ್ನು ನೋಡೋಣ. ಟೆಕ್ನಾಲಜಿ ಎಂಬುದು ‘ಟೆಕ್ನೆ’ ಮತ್ತು ‘ಲೋಗೊಸ್’ ಎಂಬ ಎರಡು ಗ್ರೀಕ್ ಪದಗಳು ಕೂಡಿ ಹುಟ್ಟಿದ್ದು. ಲೋಗೊಸ್ ಎಂದರೆ ಮಾತು, ವಿಚಾರ, ಕ್ರಮವಾದ ವಿವರಣೆ. ಟೆಕ್ನೆ ಎಂದರೆ ಕಸುಬು, ಕೈಗೆ ಹತ್ತಿದ ವಿದ್ಯೆ. ಈ ಟೆಕ್ನೆಯ ಬಳಗ ದೊಡ್ಡದು. ಗ್ರೀಕರು ಬಡಗಿಯನ್ನು ‘ಟೆಕ್ಟೋನ್’ ಎಂದು ಕರೆದರು. ಸಂಸ್ಕೃತದಲ್ಲಿ ಬಡಗಿಗೆ ‘ತಕ್ಷನ್’ ಎಂದು ಹೆಸರು. ಇವೆರಡೂ ಒಂದೇ ಮೂಲಧಾತುವಿನ ಮಕ್ಕಳು. ಋಗ್ವೇದದ ಕವಿಗಳು ತಾವು ಸೂಕ್ತವನ್ನು ಕಟ್ಟುವುದನ್ನು ಕುಶಲಿಯು ರಥವನ್ನು ಕೆತ್ತುವುದಕ್ಕೆ ಹೋಲಿಸಿದಾಗ ಬಳಸಿದ್ದು ಇದೇ ‘ತಕ್ಷ್’ ಧಾತುವನ್ನು. ಲ್ಯಾಟಿನ್ ಭಾಷೆಯಲ್ಲಿ ಅದೇ ಧಾತುವಿಗೆ ನೇಯುವುದು ಎಂಬ ಅರ್ಥ ಬಂತು. ಬಟ್ಟೆಯಂಗಡಿಯ ಫಲಕದ ಮೇಲಿನ ‘ಟೆಕ್ಸ್‌ಟೈಲ್ಸ್’, ಮಕ್ಕಳ ಚೀಲದಲ್ಲಿರುವ ‘ಟೆಕ್ಸ್ಟ್ ಬುಕ್’, ಮನೆ ಕಟ್ಟಿಸುವಾಗ ನೀವು ಹುಡುಕಿಕೊಂಡು ಹೋಗುವ ‘ಆರ್ಕಿಟೆಕ್ಟ್’ - ಇವೆಲ್ಲವೂ ಟೆಕ್ನಾಲಜಿಯ ದಾಯಾದಿಗಳೇ.

ನಮ್ಮ ‘ತಂತ್ರಜ್ಞಾನ’ದ ಮೊದಲ ಪದವನ್ನೂ ಹೀಗೆಯೇ ಬಿಡಿಸಿ ನೋಡಬಹುದು. ‘ತನ್’ ಎಂದರೆ ಎಳೆದು ಹಬ್ಬಿಸುವುದು. ಅದರಿಂದ ತಂತು, ತಂತಿ, ಅದರಿಂದಲೇ ತಂತ್ರ. ತಂತ್ರವೆಂದರೆ ಮೊದಲಿಗೆ ಮಗ್ಗ, ಮಗ್ಗದ ಮೇಲೆ ಎಳೆದು ಕಟ್ಟಿದ ಹಾಸುನೂಲು. ಅಲ್ಲಿಂದ ಕ್ರಮವಾದ ಜೋಡಣೆ ಎಂಬ ಅರ್ಥ ಬಂತು; ಮುಂದೆ ಕ್ರಮವಾಗಿ ಬರೆದ ಶಾಸ್ತ್ರಗ್ರಂಥಕ್ಕೂ ಅದೇ ಹೆಸರಾಯಿತು. ಕೇರಳದ ನೀಲಕಂಠ ಸೋಮಯಾಜಿಯ ‘ತಂತ್ರಸಂಗ್ರಹ’ದಲ್ಲಿ ಇರುವುದು ಮಾಟಮಂತ್ರವಲ್ಲ, ಖಗೋಳ ಗಣಿತ. ಉಪಾಯ, ಹಂಚಿಕೆ, ಕುತಂತ್ರ ಎಂಬ ಅರ್ಥಗಳೂ ಇದೇ ಪದಕ್ಕೆ ಬಂದು ಸೇರಿದವು. ಗ್ರೀಕರ ಧಾತು ಬೇರೆ, ನಮ್ಮ ಧಾತು ಬೇರೆ. ಆದರೂ ಎರಡು ದಾರಿಗಳೂ ಮಗ್ಗದ ಮನೆಯ ಬಾಗಿಲಿಗೇ ಹೋಗಿ ಸೇರುತ್ತವೆ. ನೂಲನ್ನು ಬಲ್ಲ ಒಂದು ಕೈ, ಆ ಕೈಯ ಹಿಂದಿನ ಒಂದು ತಿಳಿವಳಿಕೆ - ಇವು ಈ ಮಾತಿನಲ್ಲಿ ಮೊದಲಿನಿಂದಲೂ ಹಾಸುಹೊಕ್ಕಾಗಿವೆ.

ಟೆಕ್ನೆ ಎಂದರೆ ಏನೆಂಬುದನ್ನು ಬಹಳ ಎಚ್ಚರಿಕೆಯಿಂದ ವಿಚಾರಮಾಡಿದವನು ಅರಿಸ್ಟಾಟಲ್. ತನ್ನ ನೀತಿಗ್ರಂಥದ ಆರನೆಯ ಭಾಗದಲ್ಲಿ ಅವನು ಹೇಳುವ ಅಭಿಪ್ರಾಯ ಸ್ಥೂಲವಾಗಿ ಹೀಗಿದೆ: ಸರಿಯಾದ ವಿಚಾರದೊಡನೆ ಒಂದನ್ನು ತಯಾರಿಸಬಲ್ಲ ಶಕ್ತಿಯೇ ಟೆಕ್ನೆ; ತಯಾರಾದ ವಸ್ತುವಿನ ಮೂಲವಿರುವುದು ವಸ್ತುವಿನಲ್ಲಲ್ಲ, ಅದನ್ನು ಮಾಡಿದವನಲ್ಲಿ. ಬೀಜ ತಾನೇ ಮೊಳೆತು ಮರವಾಗುತ್ತದೆ; ಮರ ತಾನೇ ಮಂಚವಾಗುವುದಿಲ್ಲ. ಮಾಡಿದವನಲ್ಲಿ ಮೂಲವಿದೆ ಎಂಬ ಈ ಒಂದು ಅಂಶವನ್ನು ದಯವಿಟ್ಟು ನೆನಪಿನಲ್ಲಿಡಿ; ಮುಂದೆ ಬೇಕಾಗುತ್ತದೆ.

ನಮ್ಮ ಕನ್ನಡದಲ್ಲಿ ಟೆಕ್ನೆಗೆ ತೀರ ಹತ್ತಿರವಾದ ಮಾತು ಬಹುಶಃ ‘ಹದ’ವನ್ನು ಬಲ್ಲತನ. ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕದಲ್ಲಿ ನಿಂತವನು ಕುದಿಯುವ ಪಾಕದಿಂದ ತುಸು ತೆಗೆದು ತಣ್ಣೀರಿಗೆ ಬಿಟ್ಟು ಬೆರಳಿನಿಂದ ಉರುಳಿಸಿ ನೋಡುತ್ತಾನೆ. ಒಂದು ಗಳಿಗೆ ಮುಂಚೆ ಇಳಿಸಿದರೆ ಬೆಲ್ಲ ಅಚ್ಚು ಹಿಡಿಯದು. ಒಂದು ಗಳಿಗೆ ತಡವಾದರೆ ಸೀದುಹೋಗುತ್ತದೆ. ಕುಂಬಾರನ ಮಣ್ಣಿಗೆ ಹದವುಂಟು, ಕಮ್ಮಾರನ ಕಾದ ಕಬ್ಬಿಣಕ್ಕೆ ಹದವುಂಟು, ಬಿತ್ತುವ ಭೂಮಿಗೆ ಹದವುಂಟು. ಈ ಹದವನ್ನು ಬಲ್ಲವನ ಅರಿವೇ ಟೆಕ್ನೆ. ಆ ಅರಿವನ್ನು ಬಾಯಿಬಿಟ್ಟು ಹೇಳಿ, ಕ್ರಮವಾಗಿ ಜೋಡಿಸಿ, ಇನ್ನೊಬ್ಬನಿಗೆ ಕಲಿಸುವಂತೆ ಮಾಡಿದರೆ ಅದು ಟೆಕ್ನಾಲಜಿ. ಮಾತಿನ ನೇರವಾದ ಅರ್ಥ ಇಷ್ಟೆ.

ಹೀಗಿದ್ದರೂ ಪ್ರಾಚೀನರು ‘ಟೆಕ್ನೊಲೊಗಿಯ’ ಎಂಬ ಜೋಡುಪದವನ್ನು ಬಳಸಿದ್ದು ಅಪರೂಪ. ಬಳಸಿದಾಗಲೂ ಅದು ಬಡಗಿ ಕಮ್ಮಾರರ ವಿಷಯವಾಗಿರಲಿಲ್ಲ. ರೋಮಿನ ವಾಗ್ಮಿ ಸಿಸೆರೊ ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ತನ್ನ ಗೆಳೆಯ ಆಟಿಕಸನಿಗೆ ಬರೆದ ಒಂದು ಕಾಗದದಲ್ಲಿ ಈ ಪದ ಬರುತ್ತದೆ. ಅಲ್ಲಿ ಅದು ಭಾಷಣಕಲೆಯ ಶಾಸ್ತ್ರೀಯ ವಿವೇಚನೆಯನ್ನು ಸೂಚಿಸುತ್ತದೆ. ಇಂಗ್ಲಿಷಿನಲ್ಲಿ ಪದ ಕಾಣಿಸಿಕೊಂಡದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ. 1615ರಲ್ಲಿ ಜಾರ್ಜ್ ಬಕ್ ಎಂಬಾತ ಲಂಡನ್ನಿನ ವಿದ್ಯಾಸಂಸ್ಥೆಗಳನ್ನೂ ಕಲೆಗಳನ್ನೂ ವರ್ಣಿಸಿ ಬರೆದ ಗ್ರಂಥದಲ್ಲಿ ಅದು ಸಿಗುತ್ತದೆ. ಅಲ್ಲಿಯೂ ಅರ್ಥ ಒಂದೇ: ವಿದ್ಯೆಗಳನ್ನು ಕುರಿತ ವಿವರಣೆ.

ಈ ಪದವನ್ನು ಪಂಡಿತರ ಮನೆಯಿಂದ ಕಸುಬುದಾರರ ಅಂಗಳಕ್ಕೆ ತಂದ ಕೀರ್ತಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದ ಅಧ್ಯಾಪಕ ಯೋಹಾನ್ ಬೆಕ್‌ಮನ್ನನಿಗೆ ಸಲ್ಲಬೇಕು. 1777ರಲ್ಲಿ ಅವನು ‘ಟೆಕ್ನಾಲಜಿಗೆ ಪ್ರವೇಶ’ ಎಂಬರ್ಥದ ಹೆಸರಿನ ಪುಸ್ತಕವೊಂದನ್ನು ಪ್ರಕಟಿಸಿದ. ಅವನ ಶಿಷ್ಯರು ಸಂಸ್ಥಾನಗಳ ಆಡಳಿತಕ್ಕೆ ಸೇರಬೇಕಾಗಿದ್ದ ಯುವಕರು. ನೇಕಾರರ ಮೇಲೆ, ಚರ್ಮ ಹದಮಾಡುವವರ ಮೇಲೆ, ಗಾಜು ಮಾಡುವವರ ಮೇಲೆ ಕರ ಹಾಕುವ, ಕಟ್ಟಳೆ ಮಾಡುವ ಅಧಿಕಾರಿಗೆ ಆ ಕಸುಬು ಹೇಗೆ ನಡೆಯುತ್ತದೆಂಬುದೇ ತಿಳಿಯದಿದ್ದರೆ ಅವನು ನ್ಯಾಯವಾಗಿ ಆಳುವುದು ಹೇಗೆ? ಇದು ಬೆಕ್‌ಮನ್ನನ ಪ್ರಶ್ನೆ. ಆದುದರಿಂದ ಒಂದೊಂದು ಕಸುಬಿನ ಸಾಮಗ್ರಿ ಯಾವುದು, ಸಲಕರಣೆ ಯಾವುದು, ಕೆಲಸದ ಹಂತಗಳು ಯಾವುವು ಎಂಬುದನ್ನು ಅವನು ಕ್ರಮವಾಗಿ ವಿವರಿಸಿ, ಆ ವಿವರಣೆಗೆ ಟೆಕ್ನಾಲಜಿ ಎಂದು ಹೆಸರಿಟ್ಟ. ಆಳುವವನು ದುಡಿಯುವವನ ಕೈಯನ್ನು ಅರಿತಿರಬೇಕೆಂಬುದಕ್ಕಾಗಿ ಹುಟ್ಟಿದ ಶಾಸ್ತ್ರ ಇದು. ಈ ಹುಟ್ಟನ್ನೂ ನೀವು ನೆನಪಿನಲ್ಲಿಡುವುದು ಒಳ್ಳೆಯದು.

ಅಮೆರಿಕಕ್ಕೆ ಈ ಮಾತನ್ನು ಪರಿಚಯಿಸಿದವರಲ್ಲಿ ಮುಖ್ಯನಾದವನು ಬಾಸ್ಟನ್ನಿನ ವೈದ್ಯ, ಸಸ್ಯಶಾಸ್ತ್ರಜ್ಞ ಜೇಕಬ್ ಬಿಗೆಲೊ. ಹಾರ್ವರ್ಡಿನಲ್ಲಿ ತಾನು ಮಾಡಿದ ಉಪನ್ಯಾಸಗಳನ್ನು ಅವನು 1829ರಲ್ಲಿ ‘ಟೆಕ್ನಾಲಜಿಯ ಮೂಲಾಂಶಗಳು’ ಎಂಬರ್ಥದ ಹೆಸರಿನಿಂದ ಅಚ್ಚು ಹಾಕಿಸಿದ. ಬರವಣಿಗೆ, ಮುದ್ರಣ, ಮನೆ ಕಟ್ಟುವುದು, ದೀಪ ಹಚ್ಚುವುದು, ಬಟ್ಟೆ ನೇಯುವುದು - ಇಂಥ ವಿಷಯಗಳೇ ಅದರಲ್ಲಿ ತುಂಬಿವೆ. ಆದರೆ ಆ ಹೆಸರು ಜನಕ್ಕೆ ಹಿಡಿಸಿದಂತೆ ತೋರಲಿಲ್ಲ. 1840ರಲ್ಲಿ ಅದೇ ಪುಸ್ತಕ ಪರಿಷ್ಕಾರಗೊಂಡು ಬಂದಾಗ ‘ಉಪಯುಕ್ತ ಕಲೆಗಳು’ ಎಂಬ ಹಳೆಯ ಹೆಸರನ್ನೇ ಹೊತ್ತು ಬಂತು. 1855ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ವಿಲ್ಸನ್ ಎಂಬಾತ ಟೆಕ್ನಾಲಜಿಯ ಪ್ರಾಧ್ಯಾಪಕನಾಗಿ ನೇಮಕಗೊಂಡ. ನಾಲ್ಕು ವರ್ಷಗಳಲ್ಲಿ ಅವನು ತೀರಿಕೊಂಡ ಮೇಲೆ ಆ ಪೀಠವನ್ನೇ ಮುಚ್ಚಿಬಿಟ್ಟರು. 1861ರಲ್ಲಿ ಬಾಸ್ಟನ್ನಿನಲ್ಲಿ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಬ ಸಂಸ್ಥೆಗೆ ಸನ್ನದು ದೊರೆಯಿತು. ಮುಂದೆ ಅದು ಜಗತ್ಪ್ರಸಿದ್ಧವಾಯಿತು. ನಮ್ಮ ದೇಶದಲ್ಲಿ 1951ರಲ್ಲಿ ಖರಗ್‌ಪುರದಿಂದ ಮೊದಲಾದ ಐ.ಐ.ಟಿ.ಗಳ ಹೆಸರಿನಲ್ಲಿಯೂ ಅದೇ ಮಾತು ಸೇರಿತು.

ಇಲ್ಲಿಯವರೆಗಿನ ಕಥೆಯಲ್ಲಿ ಒಂದು ಅಂಶ ಸ್ಪಷ್ಟವಾಗಿದೆ. ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಟೆಕ್ನಾಲಜಿ ಎಂಬುದು ಒಂದು ಶಾಸ್ತ್ರದ ಹೆಸರು. ಪ್ರಾಣಿಶಾಸ್ತ್ರ ಬೇರೆ, ಪ್ರಾಣಿ ಬೇರೆ. ‘ನಮ್ಮ ಹೊಲದಲ್ಲಿ ಎರಡು ಪ್ರಾಣಿಶಾಸ್ತ್ರಗಳು ಮೇಯುತ್ತಿವೆ’ ಎಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ. ‘ಹೊಸ ಟೆಕ್ನಾಲಜಿ ಕೊಂಡು ತಂದೆ’ ಎಂದರೆ ಅಂದಿನ ವಿದ್ವಾಂಸನಿಗೆ ಅದೂ ಅಷ್ಟೇ ವಿಚಿತ್ರವಾಗಿ ಕೇಳಿಸುತ್ತಿತ್ತು. ಕೊಳ್ಳುವುದು ಯಂತ್ರವನ್ನು, ಕಲಿಯುವುದು ಟೆಕ್ನಾಲಜಿಯನ್ನು.

ಹಾಗಾದರೆ ಶಾಸ್ತ್ರದ ಹೆಸರು ವಸ್ತುವಿಗೆ ಅಂಟಿಕೊಂಡದ್ದು ಹೇಗೆ? ಅಮೆರಿಕದ ಸಂಸ್ಕೃತಿ ಚರಿತ್ರಕಾರ ಲಿಯೊ ಮಾರ್ಕ್ಸ್ ಇದಕ್ಕೆ ಒಂದು ಕಾರಣ ಕೊಟ್ಟಿದ್ದಾನೆ. ರೈಲನ್ನೇ ನೋಡಿ. ರೈಲು ಎಂದರೆ ಉಗಿಬಂಡಿ ಮಾತ್ರವೆ? ಹಳಿ, ಸೇತುವೆ, ತಂತಿಸುದ್ದಿ, ನಿಲ್ದಾಣ, ಬಂಡವಾಳ, ಷೇರುದಾರರು, ಭೂಮಿಯ ಹಕ್ಕು, ತರಬೇತಾದ ನೌಕರರು, ಒಂದೇ ಬಗೆಯ ಗಡಿಯಾರದ ಕಾಲ - ಇವೆಲ್ಲ ಸೇರಿದರೆ ರೈಲು. ಹಾರೆ ಗುದ್ದಲಿಗಳಿಗೆ ‘ಸಲಕರಣೆ’ ಎಂಬ ಹೆಸರು ಸಾಕಾಗಿತ್ತು; ಇಂಥ ದೊಡ್ಡ ಏರ್ಪಾಡುಗಳಿಗೆ ಸಾಲದಾಯಿತು. ‘ಉಪಯುಕ್ತ ಕಲೆ’ ಎಂಬುದಕ್ಕೂ ಬೆವರಿನ, ಇದ್ದಿಲಿನ ವಾಸನೆಯಿತ್ತು. ಒಂದು ಹೊಸ ಹೆಸರಿಗಾಗಿ ಜಾಗ ಖಾಲಿಯಿತ್ತು. ಆ ಜಾಗದಲ್ಲಿ ಟೆಕ್ನಾಲಜಿ ಬಂದು ಕುಳಿತಿತು.

ಇನ್ನೊಂದು ಕಾರಣವನ್ನು ಎರಿಕ್ ಶಾಟ್ಸ್‌ಬರ್ಗ್ ಎಂಬ ಚರಿತ್ರಕಾರ ವಿವರವಾಗಿ ತೋರಿಸಿದ್ದಾನೆ. ಜರ್ಮನ್ ಭಾಷೆಯಲ್ಲಿ ಎರಡು ಪದಗಳಿವೆ. ‘ಟೆಕ್ನೊಲೊಗೀ’ ಎಂದರೆ ಬೆಕ್‌ಮನ್ನನ ಶಾಸ್ತ್ರ. ‘ಟೆಕ್ನಿಕ್’ ಎಂದರೆ ಕೈಗಾರಿಕೆಯ ಸಾಧನಗಳು ಮತ್ತು ವಿಧಾನಗಳು, ಅಂದರೆ ಕೆಲಸವೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ ಮೊದಲಾದವರು ಜರ್ಮನ್ ಗ್ರಂಥಗಳನ್ನು ಓದಿ, ‘ಟೆಕ್ನಿಕ್’ ಎಂಬುದರ ಅರ್ಥವನ್ನು ಇಂಗ್ಲಿಷಿನ ‘ಟೆಕ್ನಾಲಜಿ’ಗೆ ತುಂಬಿದರು. ಎರಡು ಪಾತ್ರೆಗಳಲ್ಲಿದ್ದ ಪದಾರ್ಥಗಳು ಒಂದೇ ಪಾತ್ರೆಗೆ ಬಿದ್ದವು. ವೆಬ್ಲೆನ್ನನಲ್ಲಿ ಇನ್ನೂ ಅರಿವಿನ ಅಂಶ ಉಳಿದಿತ್ತು; ಟೆಕ್ನಾಲಜಿ ಎಂಬುದು ಇಡೀ ಸಮಾಜ ಕೂಡಿಟ್ಟುಕೊಂಡ ತಿಳಿವಳಿಕೆ, ಅದು ಯಾವನೊಬ್ಬ ಧಣಿಯ ಸ್ವತ್ತಲ್ಲ ಎಂದೇ ಅವನ ವಾದ. ಅವನ ಅನಂತರ ಬಂದವರ ಬಳಕೆಯಲ್ಲಿ ಆ ಅಂಶವೂ ಮೆಲ್ಲಮೆಲ್ಲನೆ ಸೋರಿಹೋಯಿತು.

ಇಲ್ಲಿಂದ ದುರ್ಬಳಕೆಯ ಕಥೆ. ಮೊದಲನೆಯದು ಅರ್ಥದ ಸಂಕೋಚ. 1958ರಲ್ಲಿ ಹೆರಲ್ಡ್ ಲೆವಿಟ್ ಮತ್ತು ಥಾಮಸ್ ವಿಸ್ಲರ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ಹಾರ್ವರ್ಡಿನ ವ್ಯವಹಾರ ಪತ್ರಿಕೆಯೊಂದರಲ್ಲಿ ‘ಇನ್ಫರ್ಮೇಶನ್ ಟೆಕ್ನಾಲಜಿ’ ಎಂಬ ಹೆಸರನ್ನು ಸೂಚಿಸಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಕಂಪ್ಯೂಟರು ಮಾತ್ರವಲ್ಲ. ಲೆಕ್ಕಶಾಸ್ತ್ರದ ನೆರವಿನಿಂದ ತೀರ್ಮಾನ ಕೈಕೊಳ್ಳುವ ವಿಧಾನಗಳೂ ಅದರಲ್ಲಿ ಸೇರಿದ್ದವು. ಆ ಹೆಸರೇ ಇಂದಿನ ಐ.ಟಿ. ಅದರ ತಲೆಯನ್ನು ಕತ್ತರಿಸಿ ‘ಟೆಕ್’ ಎಂದರು; ಟೆಕ್ ಎಂದರೆ ಕಂಪ್ಯೂಟರು ಮತ್ತು ಮೊಬೈಲು ಎಂದಾಯಿತು. ಬೆಂಗಳೂರಿನಲ್ಲಿ ‘ಟೆಕ್ಕಿ’ ಎಂದರೆ ಸಾಫ್ಟ್‌ವೇರ್ ಕಂಪನಿಯ ನೌಕರ. ಲೇತಿನ ಮುಂದೆ ಕೂದಲೆಳೆಯಷ್ಟು ಅಂತರವನ್ನು ಬೆರಳಿನಿಂದ ಅರಿಯುವ ಕೆಲಸಗಾರನನ್ನು ಯಾರೂ ಟೆಕ್ಕಿ ಎನ್ನುವುದಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ನೇಕಾರನನ್ನಂತೂ ಅನ್ನುವುದೇ ಇಲ್ಲ. ಯಾವ ಮಗ್ಗದಿಂದ ಮಾತು ಹುಟ್ಟಿತೋ ಆ ಮಗ್ಗದ ಮನೆಯವನೇ ಈಗ ಮಾತಿನ ಹೊರಗೆ ನಿಂತಿದ್ದಾನೆ. ಇದು ಬರಿಯ ಮರ್ಯಾದೆಯ ಪ್ರಶ್ನೆಯಲ್ಲ. ಹೆಸರಿಲ್ಲದ ವಿದ್ಯೆಗೆ ಶಾಲೆಯಲ್ಲಿ ಜಾಗ ಸಿಗುವುದು ಕಷ್ಟ, ಸರ್ಕಾರದ ಆಯವ್ಯಯದಲ್ಲಿಯೂ ಕಷ್ಟ. ಅದನ್ನು ಬಲ್ಲವನಿಗೆ ತಕ್ಕ ಕೂಲಿ ಸಿಗುವುದೂ ಕಷ್ಟ.

ಎರಡನೆಯ ದುರ್ಬಳಕೆ ಇನ್ನೂ ಗಂಭೀರವಾದುದು. ಟೆಕ್ನಾಲಜಿಯನ್ನು ವಾಕ್ಯದ ಕರ್ತೃಸ್ಥಾನದಲ್ಲಿ ಕೂರಿಸುವುದು. ‘ಟೆಕ್ನಾಲಜಿ ಬಂತು, ಬೆಳಕು ಬಂತು’ ಎನ್ನುತ್ತೇವೆ. ನಮ್ಮ ನಾಡಿನದೇ ಒಂದು ಉದಾಹರಣೆಯಿಂದ ಇದನ್ನು ಪರೀಕ್ಷಿಸೋಣ. ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತು ಉತ್ಪಾದನೆ ಪ್ರಾರಂಭವಾದದ್ದು 1902ರಲ್ಲಿ. ಅದು ತಾನಾಗಿ ಬರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅದಕ್ಕೆ ಒತ್ತಾಸೆಯಾಗಿ ನಿಂತರು. ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ಯೋಜನೆಯನ್ನು ಸಿದ್ಧಪಡಿಸಿದ. ನೀರಿನ ಯಂತ್ರಗಳು ಸ್ವಿಟ್ಜರ್‌ಲೆಂಡಿನ ಏಷರ್ ವೀಸ್ ಕಾರ್ಖಾನೆಯಿಂದ, ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಯಿಂದ ಬಂದವು. ತಯಾರಾದ ವಿದ್ಯುತ್ತು ಮೊದಲು ಹೋದದ್ದು ಎಲ್ಲಿಗೆ? ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಗಣಿಯ ಆಂಗ್ಲ ಕಂಪನಿಗಳು ಹಣ ಕೊಟ್ಟು ಕೊಳ್ಳುವುದಾಗಿ ಕರಾರಾಗಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ತಂತಿ ಹಾದುಹೋದ ದಾರಿಯ ಹಳ್ಳಿಗಳ ತಲೆಯ ಮೇಲೆ ವಿದ್ಯುತ್ತು ಹರಿಯಿತು, ಮನೆಗಳಲ್ಲಿ ಹರಳೆಣ್ಣೆ ಸೀಮೆಎಣ್ಣೆಯ ದೀಪಗಳೇ ಉರಿದವು.

ಇದು ತಪ್ಪೇ ಸರಿಯೇ ಎಂಬ ತೀರ್ಪು ಇಲ್ಲಿ ಬೇಡ. ಸಂಸ್ಥಾನದ ಬೊಕ್ಕಸಕ್ಕೆ ಆ ಹಣ ಬೇಕಾಗಿತ್ತು; ಮುಂದಿನ ಕೆಲಸಗಳಿಗೆ ಅದೇ ದಾರಿಯಾಯಿತು. ಆದರೆ ಗಣಿಗೆ ಮೊದಲು, ಬೆಂಗಳೂರಿಗೆ ಆಮೇಲೆ, ಹಳ್ಳಿಗೆ ಎಷ್ಟೋ ವರ್ಷಗಳ ಮೇಲೆ ಎಂಬ ಸರದಿಯನ್ನು ನಿರ್ಧರಿಸಿದ್ದು ಟೆಕ್ನಾಲಜಿಯಲ್ಲ, ಮನುಷ್ಯರು. ‘ಟೆಕ್ನಾಲಜಿ ಬಂತು’ ಎಂದೊಡನೆ ಈ ಸರದಿಯೂ ಕರಾರೂ ಕಣ್ಮರೆಯಾಗುತ್ತವೆ. ಹೊಗಳಬೇಕಾದವರನ್ನು ಹೊಗಳುವುದಕ್ಕೂ ಆಗುವುದಿಲ್ಲ, ಕೇಳಬೇಕಾದ ಪ್ರಶ್ನೆಯನ್ನು ಕೇಳುವುದಕ್ಕೂ ಆಗುವುದಿಲ್ಲ.

ಇದೇ ಮರೆವು ಇಂಗ್ಲೆಂಡಿನ ‘ಲಡೈಟ್’ ಜನರಿಗೆ ಒಂದು ಸುಳ್ಳು ಹೆಸರನ್ನು ತಂದಿಟ್ಟಿತು. ಹೊಸದನ್ನು ಒಪ್ಪದವರನ್ನು, ಟೆಕ್ನಾಲಜಿಯ ವೈರಿಗಳನ್ನು ಈಗ ಲಡೈಟರೆಂದು ಮೂದಲಿಸುವುದುಂಟು. 1811ರಲ್ಲಿ ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟುಗಳನ್ನು ಮುರಿದ ಕೆಲಸಗಾರರು ಇವರು. ಆದರೆ ಆ ಚೌಕಟ್ಟು ಅವರಿಗೆ ಹೊಸದಾಗಿರಲಿಲ್ಲ. ವಿಲಿಯಂ ಲೀ ಎಂಬಾತ ಅದನ್ನು 1589ರಷ್ಟು ಹಿಂದೆಯೇ ಕಂಡುಹಿಡಿದಿದ್ದ. ಅದರ ಮೇಲೆ ದುಡಿದೇ ಅವರ ತಾತ ಮುತ್ತಾತಂದಿರು ಬದುಕಿದ್ದರು. ಅವರ ಕೋಪ ಇದ್ದದ್ದು ಕೂಲಿ ಇಳಿಸಿದ ಧಣಿಗಳ ಮೇಲೆ, ಕಸುಬು ಕಲಿಯದವರನ್ನು ಅಗ್ಗದ ಕೂಲಿಗೆ ಕೂರಿಸಿ ಅಗಲವಾಗಿ ಹೆಣೆದ ಬಟ್ಟೆಯನ್ನು ಕತ್ತರಿಸಿ ಹೊಲಿದ ಕಳಪೆ ಮಾಲನ್ನು ಪೇಟೆಗೆ ಬಿಟ್ಟವರ ಮೇಲೆ. ಅಂಥ ಧಣಿಗಳ ಚೌಕಟ್ಟನ್ನು ಆರಿಸಿ ಮುರಿದು, ನ್ಯಾಯವಾಗಿ ನಡೆದುಕೊಂಡವನ ಚೌಕಟ್ಟನ್ನು ಹಾಗೆಯೇ ಬಿಟ್ಟುಹೋದ ಉದಾಹರಣೆಗಳಿವೆ. 1812ರಲ್ಲಿ ಪಾರ್ಲಿಮೆಂಟು ಚೌಕಟ್ಟು ಮುರಿದವರಿಗೆ ಮರಣದಂಡನೆ ಎಂದು ಕಾನೂನು ಮಾಡಿತು. ಕವಿ ಬೈರನ್ ಪ್ರಭುಗಳ ಸಭೆಯಲ್ಲಿ ಅದನ್ನು ವಿರೋಧಿಸಿ ಮಾತನಾಡಿದ. ಮುರಿದದ್ದನ್ನು ಸರಿಯೆನ್ನಬೇಕಾಗಿಲ್ಲ. ಆದರೆ ಟೆಕ್ನಾಲಜಿ ಎಂಬ ಮಾತಿಗೆ ಇಂದಿನ ಅರ್ಥವೇ ಹುಟ್ಟಿರದಿದ್ದ ಕಾಲದ ಜನರನ್ನು ಟೆಕ್ನಾಲಜಿಯ ದ್ವೇಷಿಗಳೆಂದು ಕರೆದರೆ, ಅವರ ಕೂಲಿಯ ಪ್ರಶ್ನೆಗೆ ಉತ್ತರ ಹೇಳುವ ಹೊಣೆಯೇ ತಪ್ಪಿಹೋಗುತ್ತದೆ.

ನಮ್ಮ ಕಾಲದ್ದೇ ಇನ್ನೊಂದು ಪ್ರಕರಣವನ್ನು ನೋಡಿ. ಬ್ರಿಟನ್ನಿನ ಅಂಚೆ ಸಂಸ್ಥೆ 1999ರಿಂದ ತನ್ನ ಶಾಖೆಗಳಲ್ಲಿ ‘ಹೊರೈಜ಼ನ್’ ಎಂಬ ಕಂಪ್ಯೂಟರ್ ಲೆಕ್ಕದ ಏರ್ಪಾಡನ್ನು ತಂದಿತು. ಸಣ್ಣ ಊರುಗಳ ಉಪ ಅಂಚೆಯಜಮಾನರ ಲೆಕ್ಕದಲ್ಲಿ ಇಲ್ಲದ ಕೊರತೆಗಳು ಕಾಣಿಸತೊಡಗಿದವು. ‘ನಾವು ಹಣ ಮುಟ್ಟಿಲ್ಲ’ ಎಂದು ಅವರು ಹೇಳಿದರೂ ಕೇಳುವವರಿರಲಿಲ್ಲ. ಕಂಪ್ಯೂಟರು ತಪ್ಪು ಹೇಳುವುದಿಲ್ಲ ಎಂಬ ಭಾವನೆ ಅಷ್ಟು ಬಲವಾಗಿತ್ತು. ಸುಮಾರು ಹದಿನೈದು ವರ್ಷಗಳಲ್ಲಿ 900ಕ್ಕೂ ಹೆಚ್ಚು ಜನ ಕಳವು, ಸುಳ್ಳು ಲೆಕ್ಕ ಮುಂತಾದ ಅಪರಾಧಗಳಿಗಾಗಿ ಶಿಕ್ಷೆಗೊಳಗಾದರು. ಕೆಲವರು ಸೆರೆಮನೆಗೆ ಹೋದರು, ಎಷ್ಟೋ ಜನ ಮನೆಮಠ ಕಳೆದುಕೊಂಡರು. ಆ ಏರ್ಪಾಡಿನಲ್ಲಿಯೇ ದೋಷಗಳಿದ್ದವೆಂದು 2019ರ ಡಿಸೆಂಬರಿನಲ್ಲಿ ಲಂಡನ್ನಿನ ಹೈಕೋರ್ಟು ತೀರ್ಪು ಕೊಟ್ಟಿತು. 2024ರಲ್ಲಿ ಪಾರ್ಲಿಮೆಂಟು ವಿಶೇಷ ಕಾನೂನು ಮಾಡಿ ಅಂಥ ಶಿಕ್ಷೆಗಳನ್ನು ರದ್ದುಮಾಡಿತು. ಯಂತ್ರ ಲೆಕ್ಕ ತಪ್ಪಿದ್ದು ನಿಜ. ಆದರೆ ಯಂತ್ರ ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ಯಂತ್ರವನ್ನು ನಂಬಿ, ಮನುಷ್ಯನನ್ನು ನಂಬದೆ, ಕಾಗದಕ್ಕೆ ಸಹಿ ಹಾಕಿದವರು ಮನುಷ್ಯರೇ.

ಅಷ್ಟು ದೂರ ಹೋಗಬೇಕಾಗಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಪಡಿತರ ಪಡೆಯುವ ಪದ್ಧತಿಯನ್ನು ನೀವೆಲ್ಲ ಬಲ್ಲಿರಿ. ಹೊಲಗದ್ದೆಯಲ್ಲಿ, ಕಲ್ಲುಮಣ್ಣಿನಲ್ಲಿ ದುಡಿದು ದುಡಿದು ಬೆರಳಿನ ಗೆರೆ ಸವೆದುಹೋದ ಮುದುಕರ ಗುರುತನ್ನು ಯಂತ್ರ ಹಿಡಿಯದೆ ಹೋದ ಸಂಗತಿಗಳು ನಮ್ಮ ದೇಶದ ಅನೇಕ ಕಡೆಗಳಿಂದ ವರದಿಯಾಗಿವೆ. ಆಗ ಸಿಗುವ ಉತ್ತರ: ‘ಏನು ಮಾಡೋದಜ್ಜಿ, ಟೆಕ್ನಾಲಜಿ ಪ್ರಾಬ್ಲಂ.’ ಅಂಗಡಿಯವನೂ ಅದನ್ನು ನಂಬಿದ್ದಾನೆ, ಅಜ್ಜಿಯೂ ನಂಬಿ ಬರಿಯ ಚೀಲದೊಡನೆ ಮನೆಗೆ ಹಿಂದಿರುಗುತ್ತಾಳೆ. ಅದೇ ವಾಕ್ಯವನ್ನು ಬಿಡಿಸಿ ಹೇಳಿ ನೋಡಿ: ‘ಬೆರಳಿನ ಗುರುತು ಹೊಂದದಿದ್ದರೆ ಅಕ್ಕಿ ಕೊಡಬಾರದೆಂದು ಒಂದು ನಿಯಮವಿದೆ’, ಇಲ್ಲವೆ, ‘ಗುರುತು ಹೊಂದದವರಿಗೆ ಬೇರೆ ದಾರಿಯಿದೆ, ಆದರೆ ಆ ದಾರಿಯನ್ನು ಇಲ್ಲಿ ಯಾರೂ ಹೇಳುತ್ತಿಲ್ಲ.’ ನಿಯಮವಾದರೆ ಅದನ್ನು ಮಾಡಿದವರಿದ್ದಾರೆ. ಅವರಿಗೆ ಅರ್ಜಿ ಬರೆಯಬಹುದು, ಅದನ್ನು ತಿದ್ದಬಹುದು. ಟೆಕ್ನಾಲಜಿಗೆ ಅರ್ಜಿ ಬರೆಯುವುದು ಹೇಗೆ? ಅದಕ್ಕೆ ವಿಳಾಸವೇ ಇಲ್ಲ. ಬೆಕ್‌ಮನ್ನನು ಅಧಿಕಾರಿಗಳಿಗೆ ಟೆಕ್ನಾಲಜಿಯನ್ನು ಕಲಿಸಹೊರಟದ್ದು ದುಡಿಯುವ ಕೈಯನ್ನು ಅವರು ಅರಿಯಲಿ ಎಂದು. ಆ ಕೈ ದುಡಿದು ಸವೆದದ್ದನ್ನೇ ಒಂದು ತಪ್ಪೆಂಬಂತೆ ಕಾಣುವ ಜಾಗದಲ್ಲಿ ಈಗ ಆ ಹೆಸರು ನಿಂತಿದೆ.

‘ಇಷ್ಟೆಲ್ಲ ಸೂಕ್ಷ್ಮ ಯಾತಕ್ಕೆ? ನಾಲ್ಕು ಜನ ಆಡುವ ಹಾಗೆ ಆಡಿದರೆ ಸಾಲದೆ?’ ಎಂದು ನೀವು ಕೇಳಬಹುದು. ಆ ಮಾತನ್ನೇ ಬಿಟ್ಟುಬಿಡಿ ಎಂದು ಯಾರೂ ಹೇಳಲಾರರು. ಹಲವು ಕಸುಬುಗಳ, ಯಂತ್ರಗಳ, ವಿಧಾನಗಳ ಒಟ್ಟು ತಿಳಿವಳಿಕೆಗೆ ಒಂದು ಹೆಸರು ಬೇಕೇ ಬೇಕು; ತಂತ್ರಜ್ಞಾನ ಎಂಬುದು ಆ ಕೆಲಸಕ್ಕೆ ಒಳ್ಳೆಯ ಪದ. ಅದರಲ್ಲಿ ‘ಜ್ಞಾನ’ವೂ ಇದೆ, ಇಂಗ್ಲಿಷಿನ ಇಂದಿನ ಬಳಕೆ ಮರೆತದ್ದನ್ನು ನಮ್ಮ ಪದ ಇನ್ನೂ ಇಟ್ಟುಕೊಂಡಿದೆ. ‘ರೇಷ್ಮೆಯ ತಂತ್ರಜ್ಞಾನವನ್ನು ಕಲಿತೆ’ ಎನ್ನಿ, ‘ಸೇತುವೆ ಕಟ್ಟುವ ತಂತ್ರಜ್ಞಾನ ಮುಂದುವರಿದಿದೆ’ ಎನ್ನಿ, ತಪ್ಪಿಲ್ಲ. ತಂತ್ರಜ್ಞಾನ ಕೆಲಸ ಕೊಟ್ಟಿತು, ಕಸಿಯಿತು, ಹೇಳಿತು, ಒಪ್ಪಲಿಲ್ಲ ಎಂಬ ವಾಕ್ಯಗಳು ಬಂದಾಗ ಮಾತ್ರ ಸ್ವಲ್ಪ ನಿಂತು ನೋಡಬೇಕು. ಈಚೆಗೆ ‘ಕೃತಕ ಬುದ್ಧಿಮತ್ತೆ’ಯ ವಿಷಯದಲ್ಲಿಯೂ ಇಂಥ ವಾಕ್ಯಗಳೇ ಹೆಚ್ಚು ಕೇಳಿಬರುತ್ತಿವೆ. ಅದು ಸಾವಿರ ಜನರ ಕೆಲಸ ಕಸಿಯಿತು ಎಂಬ ಸುದ್ದಿಯ ಹಿಂದೆ ಸಾವಿರ ಜನರನ್ನು ಬಿಡಿಸಲು ತೀರ್ಮಾನಿಸಿದ ಒಂದು ಸಭೆ ನಡೆದಿರುತ್ತದೆ.

ಆದುದರಿಂದ ಮನೆಯಲ್ಲಿ ಮಕ್ಕಳೊಡನೆ ಆಡಬಹುದಾದ ಒಂದು ಸಣ್ಣ ಆಟವನ್ನು ಸೂಚಿಸಬಹುದು. ರೇಡಿಯೊ ಕೇಳುವಾಗಲೋ ಪತ್ರಿಕೆ ಓದುವಾಗಲೋ ಟೆಕ್ನಾಲಜಿ ಎಂಬ ಮಾತು ಬಂದಾಗ ಅದನ್ನು ತೆಗೆದುಹಾಕಿ, ಆ ಜಾಗದಲ್ಲಿ ಸರಿಯಾದ ಹೆಸರನ್ನು ಇಡಲು ಪ್ರಯತ್ನಿಸಿ. ಒಂದು ಯಂತ್ರವಾದರೆ ಯಂತ್ರದ ಹೆಸರು. ಒಂದು ವಿದ್ಯೆಯಾದರೆ ವಿದ್ಯೆಯ ಹೆಸರು ಮತ್ತು ಅದನ್ನು ಬಲ್ಲವರ ಹೆಸರು. ಒಂದು ತೀರ್ಮಾನವಾದರೆ ತೀರ್ಮಾನಿಸಿದವರ ಹೆಸರು. ಕೆಲವು ಸಲ ಹೆಸರು ಸುಲಭವಾಗಿ ಸಿಗುತ್ತದೆ. ಕೆಲವು ಸಲ ಸಿಗುವುದಿಲ್ಲ. ಆಗ ಇನ್ನೂ ಕೇಳಬೇಕಾದ ಪ್ರಶ್ನೆ ಉಳಿದಿದೆ ಎಂದು ತಿಳಿಯಬೇಕು. ವಸ್ತುವಿನ ಮೂಲ ಮಾಡಿದವನಲ್ಲಿದೆ ಎಂದು ಅರಿಸ್ಟಾಟಲ್ ಹೇಳಿದ್ದು ಮಂಚಕ್ಕೆ ಸಲ್ಲುವಂತೆ ಕಂಪ್ಯೂಟರಿಗೂ ಸಲ್ಲುತ್ತದೆ, ಪಡಿತರದ ಯಂತ್ರಕ್ಕೂ ಸಲ್ಲುತ್ತದೆ. ಮಕ್ಕಳು ಈ ಆಟವನ್ನು ಬೇಗ ಕಲಿಯುತ್ತಾರೆ. ಮುಂದಿನ ತಿಂಗಳು ನ್ಯಾಯಬೆಲೆ ಅಂಗಡಿಗೆ ಅಜ್ಜಿಯ ಜೊತೆಯಲ್ಲಿ ಅವರನ್ನೇ ಕಳುಹಿಸಿ.